30 ಪೌಂಡ್ ಸಂಬಳದ ಪ್ರೇಮಕಥೆ

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ 'ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಾದಂಬರಿ ಬೋಧನೆ: ಸವಾಲುಗಳು ಮತ್ತು ಪರಿಹಾರಗಳು' ಅಂತ ಅಚ್ಚಾಗಿದೆ. ಸವಾಲು ಏನು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಕೂತವರೆಲ್ಲ ನಾಳೆ ಬೆಳಗ್ಗೆ ಮತ್ತೆ ಅದೇ ಕ್ಲಾಸಿಗೆ ಹೋಗುವವರು. ಪರಿಹಾರ ನನ್ನ ಹತ್ತಿರ ಇಲ್ಲ. ಇರುವುದು ಒಂದು ಕಾದಂಬರಿ, ಅದರ ಬಗ್ಗೆ ನನಗಿರುವ ಒಂದು ಹಟ. ಅದನ್ನು ಹೇಳಿ ಕೂರುತ್ತೇನೆ. ನಲವತ್ತು ನಿಮಿಷ ಅಂದಿದ್ದರು. ನನಗಿಂತ ಮುಂಚೆ ಮಾತಾಡಿದವರು ಅದರಲ್ಲಿ ಸ್ವಲ್ಪ ಆಗಲೇ ತಿಂದಿದ್ದಾರೆ. ಇರಲಿ, ಚೆನ್ನಾಗಿ ಮಾತಾಡಿದರು.

ಕಾದಂಬರಿ 'ಜೇನ್ ಏರ್'. 1847ರಲ್ಲಿ ಬಂದದ್ದು. ಶಾರ್ಲೆಟ್ ಬ್ರಾಂಟೆ ಬರೆದದ್ದು, ಆದರೆ ಪುಸ್ತಕದ ಮೇಲೆ ಇದ್ದ ಹೆಸರು ಕರರ್ ಬೆಲ್. ಹೆಂಗಸು ಬರೆದದ್ದು ಅಂತ ಗೊತ್ತಾದರೆ ಓದುವ ರೀತಿಯೇ ಬೇರೆ ಆಗುತ್ತೆ ಅಂತ ಆಕೆಗೆ ಗೊತ್ತಿತ್ತು. ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಹೇಳಲ್ಲ.

ನಮ್ಮ ಶಾಲೆಗಳಲ್ಲಿ ಈ ಕಥೆಯನ್ನು ಹೇಳಿದರೂ ಹೇಗೆ ಹೇಳುತ್ತೇವೆ? ಅನಾಥ ಹುಡುಗಿ. ಸಾಕಿದ ಅತ್ತೆ, ಅಂದರೆ ಸೋದರಮಾವನ ಹೆಂಡತಿ, ಅವಳ ಮಕ್ಕಳ ಕಾಟ. ಸೀದುಹೋದ ಗಂಜಿ ಬಡಿಸುವ ಬೋರ್ಡಿಂಗ್ ಶಾಲೆ. ಕಷ್ಟಪಟ್ಟು ಓದಿದಳು, ಟೀಚರ್ ಆದಳು, ಶುಭಂ. ಪುಸ್ತಕದಲ್ಲಿ 38 ಅಧ್ಯಾಯ ಇವೆ. ಹತ್ತಕ್ಕೆ ನಿಲ್ಲಿಸಿ ಉಳಿದ 28ಕ್ಕೆ ಕತ್ತರಿ ಹಾಕುತ್ತೇವೆ. ಯಾಕೆ? ಹನ್ನೊಂದರಿಂದ ಲವ್ ವಾಸನೆ ಶುರುವಾಗುತ್ತೆ.

ಹೈಸ್ಕೂಲ್ ಮಕ್ಕಳಿಗೆ ಲವ್ ಸ್ಟೋರಿ ಪಾಠ ಮಾಡಬಾರದು ಅನ್ನುವ ಮಾತು ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ, ಪೋಷಕರ ಸಭೆಯಲ್ಲೂ ಕೇಳಿದ್ದೇನೆ. ಒಬ್ಬರು ತಂದೆ ಸೀದಾ ಬಂದು ಕೇಳಿದರು, "ಮೇಡಂ, ಮಕ್ಕಳಿಗೆ ಲವ್ ಸ್ಟೋರಿ ಹೇಳ್ತೀರಂತೆ?" ಹೌದು, ಕೂತ್ಕೊಳ್ಳಿ, ನಿಮಗೂ ಹೇಳ್ತೀನಿ ಅಂದೆ. ಪಾಪ, ಕೂತರು. ಮದುವೆ ನಿಂತುಹೋಗುವ ಜಾಗಕ್ಕೆ ಬಂದಾಗ ಬೆಲ್ ಆಯಿತು. "ಆಮೇಲೆ?" ಅಂದರು. ಮಗಳನ್ನ ಕೇಳಿ, ಅವಳು ಹೇಳ್ತಾಳೆ ಅಂದೆ. ಮನೆಯಲ್ಲಿ ಕೇಳಿದರೋ ಇಲ್ಲವೋ ಗೊತ್ತಿಲ್ಲ. ದೂರು ಮಾತ್ರ ಮತ್ತೆ ಬರಲಿಲ್ಲ.

ಮಕ್ಕಳು ಪ್ರೀತಿಯ ಬಗ್ಗೆ ನಮ್ಮಿಂದ ಕಲಿಯಬೇಕಾಗಿಲ್ಲ. ಸಿನಿಮಾ ಇದೆ, ಫೋನ್ ಇದೆ, ಟ್ಯೂಷನ್ ಮುಗಿಸಿ ಬರುವ ದಾರಿ ಇದೆ. ಆದರೆ ಅಲ್ಲೆಲ್ಲೂ ಅವರಿಗೆ ಸಿಗದ ಒಂದು ಹುಡುಗಿ ಈ ಕಾದಂಬರಿಯಲ್ಲಿ ಇದ್ದಾಳೆ. ಅವಳಿಗೆ ತಾನು ಕೆಲಸ ಮಾಡುವ ಮನೆಯ ಯಜಮಾನ ರಾಚೆಸ್ಟರ್ ಮೇಲೆ ಜೀವ. ಅದರ ಜೊತೆಗೇ ಅವಳು ಸಂಬಳದ ಲೆಕ್ಕವನ್ನೂ ಇಡುತ್ತಾಳೆ. ನನ್ನ ಹಟ ಇರುವುದು ಆ ಲೆಕ್ಕದ ಮೇಲೆ.

ಜೇನ್ ರಾಚೆಸ್ಟರ್‌ನ ಬಂಗಲೆ ಥಾರ್ನ್‌ಫೀಲ್ಡ್‌ಗೆ, ಅಲ್ಲಿನ ಮಗುವಿಗೆ ಪಾಠ ಹೇಳೋಕೆ ಹೋಗುವಾಗ ಅವಳಿಗೆ 18 ವರ್ಷ. ಸಂಬಳ ವರ್ಷಕ್ಕೆ 30 ಪೌಂಡ್. ಮುಂಚಿನ ಶಾಲೆಯಲ್ಲಿ 15 ಬರುತ್ತಿತ್ತು. ಡಬಲ್ ಆಯಿತು ಅಂತ ಖುಷಿಯಿಂದಲೇ ಹೋಗುತ್ತಾಳೆ. ಆ 30 ಪೌಂಡನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಅಳಿಸಬೇಡಿ. ಪಾಠ ಮುಗಿಯುವವರೆಗೂ ಅಲ್ಲೇ ಇರಲಿ.

21ನೇ ಅಧ್ಯಾಯದಲ್ಲಿ ಒಂದು ಸಣ್ಣ ದೃಶ್ಯ ಇದೆ. ಸಾಯುತ್ತಿರುವ ಅತ್ತೆಯನ್ನು ನೋಡಲು ಜೇನ್ ರಜೆ ಕೇಳುತ್ತಾಳೆ. ಕೈಯಲ್ಲಿ ಎಷ್ಟಿದೆ ಅಂತ ರಾಚೆಸ್ಟರ್ ಕೇಳುತ್ತಾನೆ. ಐದು ಶಿಲಿಂಗ್, ಅಂದರೆ ಕಾಲು ಪೌಂಡ್. ಅವನು 50 ಪೌಂಡಿನ ನೋಟು ಕೊಡುತ್ತಾನೆ. ಕೊಡಬೇಕಾದ ಬಾಕಿ 15 ಮಾತ್ರ. ನನ್ನ ಹತ್ತಿರ ಚಿಲ್ಲರೆ ಇಲ್ಲ ಅನ್ನುತ್ತಾಳೆ. ಚಿಲ್ಲರೆ ಯಾರು ಕೇಳಿದರು ಅನ್ನುತ್ತಾನೆ. ಇವಳು ಬಾಕಿಗಿಂತ ಒಂದು ಪೌಂಡ್ ಜಾಸ್ತಿ ಮುಟ್ಟಲ್ಲ. ಕೊನೆಗೆ ಅವನು ಹತ್ತು ಕೊಟ್ಟು, ಸಾಕಲ್ವಾ ಅಂತ ಕೇಳಿದರೆ ಇವಳು ಏನನ್ನುತ್ತಾಳೆ? ಸಾಕು ಸಾರ್, ಆದರೆ ಈಗ ನೀವು ನನಗೆ ಐದು ಕೊಡಬೇಕು!

ಇದನ್ನು ಕ್ಲಾಸಿನಲ್ಲಿ ಇಬ್ಬರು ಮಕ್ಕಳನ್ನು ನಿಲ್ಲಿಸಿ ಆಡಿಸಿ ನೋಡಿ. ಕೊನೆ ಬೆಂಚಿನವರೂ ಎದ್ದು ಕೂರುತ್ತಾರೆ. ಒಂದು ಮುದ್ದಿನ ಮಾತಿಲ್ಲ, ಆದರೂ ಅವರಿಬ್ಬರ ನಡುವೆ ಏನು ನಡೆಯುತ್ತಿದೆ ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಮಗಿಂತ ಬೇಗ ಗೊತ್ತಾಗುತ್ತೆ.

ಇನ್ನು 24ನೇ ಅಧ್ಯಾಯ. ನಾನು ಇಲ್ಲಿಗೆ ಬಂದದ್ದೇ ಇದರ ಬಗ್ಗೆ ಮಾತಾಡೋಕೆ. ಮದುವೆ ನಿಶ್ಚಯ ಆಗಿದೆ. ರಾಚೆಸ್ಟರ್ ಅವಳನ್ನು ಮಿಲ್‌ಕೋಟ್ ಪೇಟೆಯ ರೇಷ್ಮೆ ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. ಇಂಗ್ಲೆಂಡಿನ ಮಕ್ಕಳಿಗೆ ಇದನ್ನು ಹೇಗೆ ವಿವರಿಸುತ್ತಾರೋ ಗೊತ್ತಿಲ್ಲ. ದಾವಣಗೆರೆ ಮಕ್ಕಳಿಗೆ ವಿವರಿಸುವ ಅಗತ್ಯವೇ ಇಲ್ಲ. ಇದು ಜವಳಿ ತೆಗೆಯೋದು! ಸುತ್ತಲಿನ ಹಳ್ಳಿಯವರೆಲ್ಲ ಮದುವೆ ಜವಳಿಗೆ ಬರುವುದು ನಮ್ಮ ಚೌಕಿಪೇಟೆ, ಮಂಡಿಪೇಟೆ ಕಡೆಗೇ ಅಲ್ವಾ? ಬಿಳಿ ಬಟ್ಟೆ ಹಾಸಿದ ಗಾದಿ. ಎದುರಿಗೆ ಸೀರೆ ಬಿಚ್ಚಿ ಬಿಚ್ಚಿ ಎಸೆಯುವ ಹುಡುಗ. ಮುಂದಿನ ಸಾಲಿನಲ್ಲಿ ಗಂಡಿನ ತಾಯಿ, ಅತ್ತಿಗೆ, ಸೋದರತ್ತೆ. ಮದುಮಗಳು ಎಲ್ಲಿ? ಹಿಂದೆ, ಕಂಬಕ್ಕೆ ಒರಗಿಕೊಂಡು ಕೂತಿರುತ್ತಾಳೆ. ಯಾರೋ ಒಬ್ಬರು ತಿರುಗಿ, "ಈ ಕಲರ್ ಆಗಬಹುದೇನಮ್ಮ?" ಅನ್ನುತ್ತಾರೆ. ಅವಳು "ಹ್ಞೂಂ" ಅನ್ನುತ್ತಾಳೆ. ಬೇರೆ ಉತ್ತರಕ್ಕೆ ಅಲ್ಲಿ ಜಾಗ ಇಲ್ಲ.

ರಾಚೆಸ್ಟರ್ ಆರು ಉಡುಪು ಆರಿಸು ಅನ್ನುತ್ತಾನೆ. ಜೇನ್ ಅವನ ಕಿವಿಯಲ್ಲಿ ಪಿಸುಗುಟ್ಟಿ, ಬೇಡಿಕೊಂಡು ಎರಡಕ್ಕೆ ಇಳಿಸುತ್ತಾಳೆ. ಆ ಎರಡನ್ನು ನಾನೇ ಆರಿಸ್ತೀನಿ ಅಂತ ಅವನ ಹಟ. ಕಣ್ಣು ಕುಕ್ಕುವ ನೇರಳೆ ರೇಷ್ಮೆ ಒಂದು, ಗುಲಾಬಿ ಸ್ಯಾಟಿನ್ ಒಂದು ತೆಗೆಯುತ್ತಾನೆ. ಇವಳು ಮತ್ತೆ ಪಿಸುಗುಟ್ಟುತ್ತಾಳೆ. ಬಂಗಾರದ ಗೌನು, ಬೆಳ್ಳಿ ಟೋಪಿ ಕೊಡಿಸಿದರೂ ಒಂದೇ, ನಾನು ಹಾಕ್ಕೊಳ್ಳಲ್ಲ ಅಂತ. ಕೊನೆಗೆ ಒಂದು ಕಪ್ಪು ಸ್ಯಾಟಿನ್, ಒಂದು ಮುತ್ತಿನ ಬಣ್ಣದ ಬೂದು ರೇಷ್ಮೆಗೆ ಒಪ್ಪಿಸುತ್ತಾಳೆ. ಅವನು ಕೊಡಿಸಿದಷ್ಟೂ ನನ್ನ ಕೆನ್ನೆ ಅವಮಾನದಿಂದ ಉರಿಯಿತು ಅಂತ ಅವಳೇ ಬರೆಯುತ್ತಾಳೆ.

ಇಲ್ಲಿಗೆ ಬಂದಾಗ ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಕೈ ಎತ್ತಿದ. "ಅಷ್ಟು ಪ್ರೀತಿಯಿಂದ ಕೊಡಿಸ್ತಾನೆ ಮಿಸ್, ಬೇಡ ಅಂದ್ರೆ ಅವನಿಗೆ ಬೇಜಾರಾಗಲ್ವಾ?" ಒಳ್ಳೆ ಪ್ರಶ್ನೆ. ನಾನು ಬಾಯಿ ತೆರೆಯುವ ಮುಂಚೆಯೇ ಹುಡುಗಿಯರ ಸಾಲಿನಿಂದ ಉತ್ತರ ಬಂತು. "ಕೊಡಿಸಿದ್ದನ್ನ ಆಮೇಲೆ ಹೇಳಿ ತೋರಿಸ್ತಾರೆ ಕಣೋ. ನಮ್ಮಕ್ಕನ ಧಾರೆ ಸೀರೆ ರೇಟು ಇಡೀ ಊರಿಗೆ ಗೊತ್ತೈತೆ." ಇಡೀ ಕ್ಲಾಸು ನಕ್ಕಿತು. ಅವಳು ಮಾತ್ರ ನಗಲಿಲ್ಲ. ಆಮೇಲೆ ಶುರುವಾಯಿತು ನೋಡಿ. ಯಾರ ಮದುವೆಯಲ್ಲಿ ಸೀರೆ ಯಾರು ಆರಿಸಿದರು, ಯಾರು ದುಡ್ಡು ಕೊಟ್ಟರು, ಯಾರು ಮಾತಾಡಿದರು, ಯಾರು ಸುಮ್ನೆ ಕೂತರು. ಹುಡುಗರೂ ಬಿಡಲಿಲ್ಲ. "ನಮ್ಮಣ್ಣನ ಸೂಟೂ ಅವನು ಆರಿಸಿದ್ದಲ್ಲ ಮಿಸ್, ಬೀಗರು ಆರಿಸಿದ್ದು" ಅಂದ ಒಬ್ಬ. ಅದೂ ನಿಜವೇ! ಅವತ್ತು ಶನಿವಾರ, ಬೆಳಗಿನ ಶಾಲೆ. ಲಾಂಗ್ ಬೆಲ್ ಹೊಡೆದರೂ ಯಾರೂ ಬ್ಯಾಗಿಗೆ ಕೈ ಹಾಕಲಿಲ್ಲ. ಶನಿವಾರದ ಲಾಂಗ್ ಬೆಲ್ ಅಂದರೆ ಏನು ಅಂತ ಗೊತ್ತಿರುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ಅಧ್ಯಾಯ ಅಲ್ಲಿಗೆ ಮುಗಿಯಲ್ಲ. ಗಾಡಿಯಲ್ಲಿ ವಾಪಸ್ ಬರುವಾಗ ಜೇನ್‌ಗೆ ಮಡೀರಾ ದ್ವೀಪದಲ್ಲಿರುವ ಚಿಕ್ಕಪ್ಪನ ನೆನಪಾಗುತ್ತೆ. ನನ್ನದೇ ಅಂತ ಸ್ವಲ್ಪ ದುಡ್ಡಿದ್ದರೆ ಈ ಬೊಂಬೆ ವೇಷ ಇರುತ್ತಿರಲಿಲ್ಲ ಅನ್ನಿಸಿ, ಮನೆಗೆ ಹೋದ ಕೂಡಲೇ ಕಾಗದ ಬರೆಯಬೇಕು ಅಂದುಕೊಳ್ಳುತ್ತಾಳೆ. ಬರೆಯುತ್ತಾಳೆ. ಆ ಕಾಗದ ತಲುಪಿದಾಗ ಚಿಕ್ಕಪ್ಪನ ಹತ್ತಿರ ಯಾರಿದ್ದರು? ಮೇಸನ್. ರಾಚೆಸ್ಟರ್‌ನ ಇನ್ನೂ ಬದುಕಿರುವ ಮೊದಲ ಹೆಂಡತಿಯ ತಮ್ಮ. ಅದರಿಂದಲೇ ಚರ್ಚಿನಲ್ಲಿ ಮದುವೆ ನಿಲ್ಲುತ್ತೆ. ಸೀರೆ ಅಂಗಡಿಯಲ್ಲಿ ಅವಳಿಗೆ ಅವಮಾನ ಆಗದೆ ಇದ್ದಿದ್ದರೆ ಕಾಗದ ಇಲ್ಲ. ಕಾಗದ ಇಲ್ಲದಿದ್ದರೆ, ಹೆಂಡತಿ ಇರುವವನ ಜೊತೆ ಅವಳ ಮದುವೆ ಆಗಿಹೋಗುತ್ತಿತ್ತು. ಲವ್ ಬೇಡ ಅಂತ ನಾವು ಕತ್ತರಿ ಹಾಕಿದರೆ ಮೊದಲು ಹೋಗುವುದು ಈ ಕಾಗದ!

ಅದೇ ಅಧ್ಯಾಯದಲ್ಲಿ ಅವಳು ಷರತ್ತು ಹಾಕುತ್ತಾಳೆ. ನಾನು ಮಗುವಿಗೆ ಪಾಠ ಹೇಳೋದು ಬಿಡಲ್ಲ, ಊಟ ವಸತಿ ಸಂಪಾದಿಸ್ತೀನಿ, ಮೇಲೆ ವರ್ಷಕ್ಕೆ 30 ಪೌಂಡ್. ನನ್ನ ಬಟ್ಟೆ ನಾನೇ ಕೊಳ್ತೀನಿ. ಬೋರ್ಡಿನ ಮೂಲೆ ನೋಡಿ, 30 ಅಲ್ಲೇ ಇದೆ. ಷರತ್ತು ಹಾಕುವ ಹೆಣ್ಣು ನಮಗೇನೂ ಹೊಸಬಳಲ್ಲ. ಅಕ್ಕಮಹಾದೇವಿ ಕೌಶಿಕನಿಗೆ ಷರತ್ತು ಹಾಕಿದ್ದು, ಅವನು ಮುರಿದ ಮೇಲೆ ಹೊರಟುಹೋದದ್ದು ಮಕ್ಕಳಿಗೆ ಗೊತ್ತು. ಉಡುತಡಿ ಇಲ್ಲೇ ಶಿಕಾರಿಪುರದ ಕಡೆ. ಚಿತ್ರದುರ್ಗದಿಂದ ಬಂದವರು ಓಬವ್ವನ ಹೆಸರು ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಈಗ ಬಂತಲ್ಲ.

ಇನ್ನೊಂದು 30 ಇದೆ. ರಾಚೆಸ್ಟರ್‌ನ ಮೊದಲ ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಬಂದದ್ದು 30 ಸಾವಿರ ಪೌಂಡ್. ಅವನ ಅಪ್ಪ, ಅಣ್ಣ ಸೇರಿ ಕುದುರಿಸಿದ ಸಂಬಂಧ. ಹುಡುಗನಿಗೆ ಹುಡುಗಿ ಎಂಥವಳು ಅಂತಲೂ ಸರಿಯಾಗಿ ಗೊತ್ತಿಲ್ಲ. ಇದನ್ನು ಹೇಳಿದ ಕೂಡಲೇ ಗಣಿತದಲ್ಲಿ ಚುರುಕಾದ ಒಬ್ಬ ಲೆಕ್ಕ ಹಾಕಿ ಹೇಳಿದ, "ಜೇನ್‌ದು ಸಾವಿರ ವರ್ಷದ ಸಂಬಳ ಮಿಸ್." ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲಿ ಬಂತು ಅಂತ ಸಮಾಜ ಪಾಠದಲ್ಲಿ ಬಾಯಿಪಾಠ ಮಾಡಿಸ್ತೀವಿ. ಅದರ ಪಕ್ಕದಲ್ಲಿ ಈ ಭಾಗಾಕಾರವನ್ನೂ ಮಾಡಿಸಿ.

ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆ ಆದ ಹೆಂಗಸಿನ ಗಳಿಕೆ ಕಾನೂನಿನ ಪ್ರಕಾರ ಗಂಡನದ್ದು. ಅದು ಬದಲಾಗೋಕೆ 1870 ಮತ್ತು 1882ರ ಕಾಯ್ದೆಗಳು ಬರಬೇಕಾಯಿತು. ಅಂದರೆ ಜೇನ್ ಕೇಳಿದ 30 ಪೌಂಡು ಕೂಡ ಮದುವೆಯ ಮರುದಿನ ಅವನದ್ದೇ. ಇದು ಗೊತ್ತಿದ್ದರೆ ಅವಳ ಹಟದ ಬೆಲೆ ಗೊತ್ತಾಗುತ್ತೆ.

ಚೀಟಿ ಬಂತು. ಹತ್ತು ನಿಮಿಷವಂತೆ. ಸರಿ.

27ನೇ ಅಧ್ಯಾಯ. ಪೋಷಕರಿಗೆ ಭಯ ಇರುವುದು ಇದಕ್ಕೇ, ಹುಡುಗಿ ಮನೆ ಬಿಟ್ಟು ಹೋಗ್ತಾಳಲ್ಲ ಅಂತ. ನಮ್ಮ ಕಡೆ ಯಾವುದಾದರೂ ಹುಡುಗಿ ಮನೆ ಬಿಟ್ಟಳು ಅಂದರೆ "ಯಾರ ಜೊತೆ?" ಅಂತ ಮೊದಲು ಕೇಳ್ತೀವಿ. ಜೇನ್ ಒಬ್ಬಳೇ ಹೋಗುತ್ತಾಳೆ. ಪ್ರೀತಿಸಿದವನನ್ನೇ ಬಿಟ್ಟು, ಬೆಳಗಿನ ಜಾವ, ಇಪ್ಪತ್ತು ಶಿಲಿಂಗ್ ಇಟ್ಟುಕೊಂಡು. ನೀನು ಏನು ಮಾಡಿದರೂ ಯಾರಿಗೇನು, ಕೇಳೋರು ಯಾರಿದ್ದಾರೆ ಅನ್ನುವ ಯೋಚನೆ ಅವಳೊಳಗೇ ಬರುತ್ತೆ. ಅದಕ್ಕೆ ಅವಳ ಉತ್ತರ: ನಾನಿದ್ದೀನಲ್ಲ. ನನಗೆ ಯಾರೂ ಇಲ್ಲದಷ್ಟೂ ನನ್ನ ಮರ್ಯಾದೆ ನಾನೇ ಜಾಸ್ತಿ ಕಾಪಾಡ್ಕೋಬೇಕು. ಈ ಸಾಲನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ನೀವು ವಿವರಿಸಬೇಡಿ. ನಾವು ಟೀಚರುಗಳು ವಿವರಿಸಿದರೆ ಅದು ನೀತಿಪಾಠ ಆಗಿಬಿಡುತ್ತೆ, ಅವರು ಆಕಳಿಸುತ್ತಾರೆ.

ಆಮೇಲೆ ಹಸಿವು. ಹಂದಿಗೆ ಹಾಕಬೇಕಿದ್ದ ತಣ್ಣನೆ ಗಂಜಿ ಕೇಳಿ ತಿನ್ನುತ್ತಾಳೆ. ಆಮೇಲೆ ಮಾರ್ಟನ್ ಅನ್ನುವ ಹಳ್ಳಿಯಲ್ಲಿ ಶಾಲೆ ಮೇಡಂ ಆಗುತ್ತಾಳೆ. ಸಂಬಳ ಎಷ್ಟು ಹೇಳಿ? ಮತ್ತೆ 30 ಪೌಂಡೇ! ಇಪ್ಪತ್ತು ಮಕ್ಕಳು. ಮೂವರಿಗೆ ಮಾತ್ರ ಓದೋಕೆ ಬರುತ್ತೆ. ಬರೆಯೋಕೆ, ಲೆಕ್ಕ ಮಾಡೋಕೆ ಒಬ್ಬರಿಗೂ ಬರಲ್ಲ. ನಗ್ತಾ ಇದ್ದೀರಿ. ಯಾಕೆ ಅಂತ ನನಗೂ ಗೊತ್ತು.

ಅವಳಿಗೆ ಆಶ್ರಯ ಕೊಟ್ಟ ಪಾದ್ರಿ ಸೇಂಟ್ ಜಾನ್ ಬಗ್ಗೆ ಹೇಳಬೇಕಿತ್ತು. ಅವಳಿಗೆ ಹಿಂದೂಸ್ತಾನಿ ಭಾಷೆ ಕಲಿಸಿ, ಹೆಂಡತಿ ಮಾಡಿಕೊಂಡು, ಮಿಷನರಿ ಕೆಲಸಕ್ಕೆ ಇಂಡಿಯಾಕ್ಕೆ ಕರೆತರಬೇಕು ಅಂತ ಅವನ ಲೆಕ್ಕಾಚಾರ. ತಂಗಿಯ ಥರ ಬರ್ತೀನಿ, ಹೆಂಡತಿ ಆಗಿ ಬರಲ್ಲ ಅನ್ನುತ್ತಾಳೆ. ಇಲ್ಲಿ ಪ್ರೀತಿ ಇಲ್ಲ, ಬರೀ ಕರ್ತವ್ಯ. ಅದಕ್ಕೂ ಬೇಡ ಅಂದಳು. "ಬಂದಿದ್ರೆ ನಮ್ಮ ಕಡೆಗೂ ಬರ್ತಿದ್ಲೇನೋ ಮಿಸ್" ಅಂತ ಮಕ್ಕಳಿಗೆ ಆಸೆ.

ಅಟ್ಟದ ಮೇಲೆ ಕೂಡಿ ಹಾಕಿದ್ದ ಆ ಮೊದಲ ಹೆಂಡತಿ ಬರ್ತಾ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಎರಡು ಪುಟ ಇದೆ. ಬಿಡ್ತೀನಿ. ಈ ಪುಸ್ತಕದಲ್ಲಿ ಅವಳ ಬಾಯಿಂದ ನೇರವಾಗಿ ಒಂದು ಮಾತೂ ಕೇಳಿಸಲ್ಲ ಅನ್ನುವುದನ್ನು ಮಕ್ಕಳೇ ಹುಡುಕುತ್ತಾರೆ. ಹುಡುಕಿದಾಗ ರಾಚೆಸ್ಟರ್ ಮೇಲಿನ ಅವರ ಪ್ರೀತಿ ಅರ್ಧ ಇಳಿಯುತ್ತೆ. ಇಳಿಯಲಿ. ಅವನನ್ನು ಹೀರೋ ಮಾಡಲೇಬೇಕು ಅಂತ ನಮಗೇನೂ ಹರಕೆ ಇಲ್ಲ.

ಕೊನೆಯಲ್ಲಿ ಚಿಕ್ಕಪ್ಪನ ಆಸ್ತಿ 20 ಸಾವಿರ ಪೌಂಡ್ ಬರುತ್ತೆ. ಜೇನ್ ಮತ್ತು ಸೇಂಟ್ ಜಾನ್ ಸೇರಿ ಅವಳ ಮೂವರು ಸೋದರ ಸಂಬಂಧಿಗಳು, ನಾಲ್ವರು ಹಂಚಿಕೊಳ್ಳುತ್ತಾರೆ, ಅವಳ ಪಾಲು 5 ಸಾವಿರ. ಆಮೇಲೆ ರಾಚೆಸ್ಟರ್ ಹತ್ತಿರ ಹೋಗುತ್ತಾಳೆ. ಮನೆಗೆ ಬಿದ್ದ ಬೆಂಕಿಯಲ್ಲಿ ಆ ಹೆಂಡತಿ ಸತ್ತು, ತಾನು ಕಣ್ಣು ಕಳೆದುಕೊಂಡು ಕೂತವನಿಗೆ ಹೇಳುತ್ತಾಳೆ, ನನ್ನನ್ನು ಇಲ್ಲಿ ಇರಿಸಿಕೊಳ್ಳದಿದ್ದರೆ ನಿಮ್ಮ ಬಾಗಿಲ ಪಕ್ಕದಲ್ಲೇ ನನ್ನ ಸ್ವಂತ ಮನೆ ಕಟ್ಟಿಸ್ತೀನಿ ಅಂತ. ಇದೂ ಲವ್ ಸ್ಟೋರಿಯೇ. ಆ ತಂದೆಗೆ ನಾನು ಹೇಳೋಕೆ ಆಗದೆ ಉಳಿದ ಭಾಗ ಇದು.

ಎರಡನೇ ಚೀಟಿಯೂ ಬಂತು. ಆಯ್ತು, ಆಯ್ತು. ಇಡೀ ಪುಸ್ತಕ ಓದಿಸೋಕೆ ಸಿಲಬಸ್ ಬಿಡಲ್ಲ, ಗೊತ್ತು. 1, 4, 21, 24, 27, ಈ ಐದು ಅಧ್ಯಾಯ ಸಾಕು. ನಾಲ್ಕರಲ್ಲಿ ನರಕಕ್ಕೆ ಹೋಗದೆ ಇರೋಕೆ ಏನು ಮಾಡಬೇಕು ಅಂತ ಕೇಳಿದರೆ, ಆರೋಗ್ಯವಾಗಿ ಇದ್ದು ಸಾಯದೆ ಇರಬೇಕು ಅಂತ ಹತ್ತು ವರ್ಷದ ಜೇನ್ ಉತ್ತರ ಕೊಡುತ್ತಾಳೆ, ಅದನ್ನಂತೂ ಬಿಡಬೇಡಿ. ಕೃತಿಸ್ವಾಮ್ಯ ಮುಗಿದು ಎಷ್ಟೋ ಕಾಲವಾಗಿದೆ, ಹಾಗಾಗಿ 24ನೇ ಅಧ್ಯಾಯದ ಜೆರಾಕ್ಸ್ ತಂದಿದ್ದೇನೆ. ಹೊರಗೆ ಊಟದ ಕೂಪನ್ ಕೊಡುವ ಟೇಬಲ್ ಮೇಲಿದೆ. ಒಂದು ಶಾಲೆಗೆ ಒಂದು ಸೆಟ್. ಎರಡೆರಡು ಎತ್ತಬೇಡಿ, ಹಿಂದಿನ ಸಾಲಿನವರಿಗೂ ಸಿಗಲಿ. ನಮಸ್ಕಾರ.