ಬಲ್ಬಿನೊಳಗೆ ತುಂಬಿದ ನೀರು

ಕೇಳುಗರಿಗೆ ನಮಸ್ಕಾರ.

ಸ್ನಾನದ ಮನೆಯಲ್ಲೊಂದು ಪೈಪು ಸೋರುತ್ತಿದೆ. ಅದರ ಬಾಯಿಗೆ ಇನ್ನೊಂದು ಪೈಪು ತಿರುಗಿಸಿ ಕೂಡಿಸಿದರೆ ಸೋರುವುದು ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ, ನೀರು ಹೊಸ ಪೈಪಿನ ತುದಿಯಿಂದ ಚಿಮ್ಮುತ್ತದೆ. ಸರಿ, ಅದಕ್ಕೊಂದು ಎಲ್ಬೊ, ಅದರ ಮುಂದೆ ಮತ್ತೊಂದು ಪೈಪು. ಹೀಗೇ ಕೂಡಿಸುತ್ತ ಹೋದ ದಪ್ಪ ಮೈಯ, ಬೋಳು ತಲೆಯ ಮನುಷ್ಯ ಕೊನೆಗೆ ತಲೆಯೆತ್ತಿ ನೋಡಿದರೆ, ತಾನೇ ಕಟ್ಟಿದ ಕಬ್ಬಿಣದ ಪಂಜರದೊಳಗೆ ಸಿಕ್ಕಿಬಿದ್ದಿದ್ದಾನೆ.

ಆ ನಟ ಕರ್ಲಿ ಹೋವರ್ಡ್. 1940ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ತೆರೆಗೆ ತಂದ ‘ಎ ಪ್ಲಂಬಿಂಗ್ ವಿ ವಿಲ್ ಗೋ’ ಎಂಬ ಕಿರುಚಿತ್ರದ ದೃಶ್ಯವಿದು. ‘ತ್ರೀ ಸ್ಟೂಜಸ್’ ತಂಡದ ಮೋ, ಲ್ಯಾರಿ ಮತ್ತು ಕರ್ಲಿ ಇಲ್ಲಿ ಕೋಳಿ ಕಳ್ಳರು. ಪೊಲೀಸನಿಂದ ತಪ್ಪಿಸಿಕೊಳ್ಳಲು ಕೊಳಾಯಿ ರಿಪೇರಿಯವರ ಸೋಗು ಹಾಕಿ ಶ್ರೀಮಂತರ ಬಂಗಲೆಯೊಂದನ್ನು ಹೊಕ್ಕುತ್ತಾರೆ. ನಿರ್ದೇಶನ ಡೆಲ್ ಲಾರ್ಡ್ ಅವರದು. ಇಡೀ ಚಿತ್ರ ಇಪ್ಪತ್ತು ನಿಮಿಷವೂ ಇಲ್ಲ.

ನನ್ನನ್ನು ಪ್ರತಿ ಸಲವೂ ನಗಿಸುವುದು ಈ ಮೂವರ ಶ್ರದ್ಧೆ. ಕಳ್ಳರು ನಿಜ, ಕೆಲಸಗಳ್ಳರಲ್ಲ. ನೀರು ನಿಲ್ಲಿಸುವ ಜಾಗ ಹುಡುಕುತ್ತ ಲ್ಯಾರಿ ಅಂಗಳದ ಹುಲ್ಲುಹಾಸನ್ನು ಅಗೆದು ಹಾಕುತ್ತಾನೆ. ನೆಲಮಾಳಿಗೆಯಲ್ಲಿ ಪೈಪೊಂದನ್ನು ಬಿಚ್ಚಿದರೆ ಒಳಗೆಲ್ಲ ವೈರು! ನೀರು ಬಾರದಿರುವುದಕ್ಕೆ ಇದೇ ಕಾರಣವೆಂದು ವೈರುಗಳನ್ನು ಎಳೆದು ಬಿಸಾಡಿ, ಅದಕ್ಕೆ ನೀರಿನ ಪೈಪು ಜೋಡಿಸುತ್ತಾರೆ. ಯೋಚನೆಯಲ್ಲಿ ತರ್ಕವಿದೆ, ನೋಡಿ. ಆಮೇಲೆ ಆ ಮನೆಯಲ್ಲಿ ಕರೆಂಟು ಹರಿಯಬೇಕಾದ ಕಡೆಯೆಲ್ಲ ನೀರು.

ಅದರ ಫಲ ಉಣ್ಣುವವನು ಏನೂ ಅರಿಯದ ಅಡುಗೆಯವನು. ಆ ಪಾತ್ರ ಡಡ್ಲಿ ಡಿಕರ್ಸನ್ ಅವರದು. ಒಲೆಯಿಂದ ನೀರು ಚಿಮ್ಮುತ್ತದೆ. ಬಲ್ಬಿನೊಳಗೆ ನೀರು ತುಂಬಿಕೊಳ್ಳುತ್ತದೆ. ಅದನ್ನು ನೋಡುತ್ತ ಅವರ ಕಣ್ಣು ಅರಳುವ ಪರಿಯನ್ನು ಬರೀ ಮಾತಿನಲ್ಲಿ ನಿಮಗೆ ಕಾಣಿಸಲಾರೆ. ಕಪ್ಪು ವರ್ಣದ ನಟರಿಗೆ ಹಾಲಿವುಡ್ ಹೆಚ್ಚಾಗಿ ಆಳುಕಾಳುಗಳ ಪಾತ್ರವನ್ನಷ್ಟೇ ಕೊಡುತ್ತಿದ್ದ ಕಾಲವದು. ಆ ಇಕ್ಕಟ್ಟಿನಲ್ಲೇ ಡಿಕರ್ಸನ್ ಇಡೀ ಅಡುಗೆಮನೆಯನ್ನು ತಮ್ಮದಾಗಿಸಿಕೊಂಡರು. 1949ರಲ್ಲಿ ಇದೇ ಕಥೆಯನ್ನು ಮತ್ತೆ ತೆಗೆದಾಗ ಅವರ ಹಳೆಯ ದೃಶ್ಯಗಳನ್ನು ಪುನಃ ಬಳಸಿಕೊಂಡರು.

ಬಾನುಲಿಯಲ್ಲಿ ಕುಳಿತು ಸದ್ದಿನ ಮಾತು ಆಡದಿದ್ದರೆ ಹೇಗೆ? ಮೋ ಬೆರಳಿನಿಂದ ಕಣ್ಣು ತಿವಿದರೆ ತಂತಿ ಮೀಟಿದ ನಾದ; ಹೊಟ್ಟೆಗೆ ಗುದ್ದಿದರೆ ನಗಾರಿಯ ಪೆಟ್ಟು. ಸದ್ದು ತೆಗೆದು ನೋಡಿದರೆ ಅದು ಬರಿಯ ಹೊಡೆದಾಟ, ಕರುಳು ಚುರುಕ್ಕೆನ್ನುತ್ತದೆ. ಸದ್ದು ಸೇರಿದ ಕ್ಷಣ ನೋವು ಮಾಯವಾಗುತ್ತದೆ.

ಇನ್ನು ಬಂಗಲೆಯ ಬೈಠಕ್ಕಿನಲ್ಲಿ ಮನೆಯೊಡತಿ ಅತಿಥಿಗಳಿಗೆ ಟೆಲಿವಿಷನ್ ತೋರಿಸುತ್ತಿದ್ದಾಳೆ. ನ್ಯೂಯಾರ್ಕಿನ ವಿಶ್ವಮೇಳದಿಂದ ಟೆಲಿವಿಷನ್ ಪ್ರಸಾರ ಶುರುವಾದದ್ದು 1939ರ ಏಪ್ರಿಲ್‌ನಲ್ಲಿ. ಅಂದಿನ ಪ್ರೇಕ್ಷಕರಲ್ಲಿ ಬಹುಮಂದಿ ಆ ಪೆಟ್ಟಿಗೆಯನ್ನು ಕಂಡೇ ಇರಲಿಲ್ಲ. ಪರದೆಯ ಮೇಲೆ ನಯಾಗರ ಜಲಪಾತ ಧುಮುಕುತ್ತದೆ. ಮರುಗಳಿಗೆಯಲ್ಲಿ ಪೆಟ್ಟಿಗೆಯಿಂದ ನಿಜವಾದ ನೀರೇ ನುಗ್ಗಿ ಅತಿಥಿಗಳನ್ನು ತೋಯಿಸಿಬಿಡುತ್ತದೆ.

1946ರಲ್ಲಿ ಪಾರ್ಶ್ವವಾಯು ಬಡಿದು ಕರ್ಲಿ ತಂಡ ಬಿಟ್ಟರು. 1952ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೆಂಟು ವರ್ಷ. ಈ ಕಿರುಚಿತ್ರಗಳು ಅಮೆರಿಕದ ಟೆಲಿವಿಷನ್ ಕೇಂದ್ರಗಳಿಗೆ ಬಂದದ್ದು 1958ರಲ್ಲಿ. ಅವರನ್ನು ಎಂದೂ ಕಂಡಿರದ ಮಕ್ಕಳು ಅದೇ ಪೆಟ್ಟಿಗೆಯ ಮುಂದೆ ಕುಳಿತು, ಪೈಪಿನ ಪಂಜರದೊಳಗಿನ ಕರ್ಲಿಯನ್ನು ನೋಡಿ ಬಿದ್ದು ಬಿದ್ದು ನಕ್ಕರು.