ಉತ್ತರ ಸರಿ, ಖರ್ಚು ಯಾರ ತಲೆಗೆ?

ನಮಸ್ಕಾರ, ಕಾಸರಗೋಡಿನಿಂದ. ಮಳೆ ಜೋರಾಗಿ ಹೊಯ್ಯುತ್ತಾ ಇದೆ. ಹಂಚಿನ ಮೇಲಿನ ಸದ್ದು ಮೈಕಿಗೆ ಬಂದರೆ ಸ್ವಲ್ಪ ಸಹಿಸಿಕೊಳ್ಳಿ. ಇವತ್ತು ಅಡಿಕೆ ಮರ ಹತ್ತುವ ಯಂತ್ರದ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿದ್ದೆ. ಅದು ಇಲ್ಲ. ಯಾಕೆಂದರೆ ಕಳೆದ ಸಂಚಿಕೆಯ ಕೆಳಗೆ ಒಬ್ಬ ಹುಡುಗ ಒಂದು ಕಮೆಂಟು ಹಾಕಿದ್ದಾನೆ, ಅದನ್ನು ಓದಿದ ಮೇಲೆ ನನಗೆ ಊಟ ರುಚಿಸುತ್ತಿಲ್ಲ. ಸುಮ್ನೆ ಹೇಳಿದೆ. ಊಟ ಮಾಡಿದ್ದೇನೆ, ಎರಡನೇ ಸಲ ಬಡಿಸಿಕೊಂಡೇ ಮಾಡಿದ್ದೇನೆ. ಆದರೆ ಕಮೆಂಟು ತಲೆಯಿಂದ ಹೋಗುತ್ತಿಲ್ಲ.

ಓದುತ್ತೇನೆ, ಕೇಳಿ. "ಅಣ್ಣಾ, ವಿವೇಕ ಅನ್ನುವುದು ಪರೀಕ್ಷೆಯಲ್ಲಿ ಫೇಲಾದವರು ತಮಗೆ ತಾವೇ ಕೊಟ್ಟುಕೊಳ್ಳುವ ಸರ್ಟಿಫಿಕೇಟು. ಬುದ್ಧಿ ಇದ್ದರೆ ಸಾಕು, ಉಳಿದದ್ದು ಹಿಂದೆಯೇ ಬರುತ್ತದೆ." ಕೆಳಗೆ ಸಾಲಾಗಿ ನಗುವ ಮುಖಗಳು. ನನ್ನ ವಿಡಿಯೋಕ್ಕಿಂತ ಅವನ ಕಮೆಂಟಿಗೆ ಲೈಕು ಜಾಸ್ತಿ ಬಿದ್ದಿದೆ ಮಾರಾಯ್ರೆ! ಚೆನ್ನಾಗಿ ಬರೆದಿದ್ದಾನೆ, ಒಪ್ಪುತ್ತೇನೆ. ಹುಡುಗ ಬುದ್ಧಿವಂತ. ತೊಂದರೆ ಇರುವುದೇ ಅಲ್ಲಿ.

ತಮ್ಮಾ, ನಾನು ಹೇಳುವುದು ಒಂದೇ ಮಾತು. ಬುದ್ಧಿವಂತ ಉತ್ತರ ಹುಡುಕುತ್ತಾನೆ. ವಿವೇಕ ಇರುವವನು ಆ ಉತ್ತರದ ಖರ್ಚು ಯಾರ ತಲೆಗೆ ಬೀಳುತ್ತದೆ ಅಂತ ಮೊದಲು ಕೇಳುತ್ತಾನೆ. ಅಷ್ಟೇ. ಸಂಚಿಕೆ ಇಲ್ಲಿಗೆ ಮುಗಿಸಬಹುದು. ಆದರೆ ಮುಗಿಸುವುದಿಲ್ಲ.

ಈ ಹುಡುಗನ ಹಾಗೆ ಬುದ್ಧಿಯನ್ನು ಒಂದು ನಂಬರು ಮಾಡಿ ಹಣೆಗೆ ಅಂಟಿಸಿಕೊಂಡು ತಿರುಗುವವರಿಗೆ ಒಂದು ಕಥೆ. 1905ರಲ್ಲಿ ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಅಂತ ಇಬ್ಬರು ಸೇರಿ, ಮಕ್ಕಳ ಬುದ್ಧಿ ಅಳೆಯುವ ಒಂದು ಪರೀಕ್ಷೆ ಮಾಡಿದರು. ಯಾಕೆ? ಶಾಲೆಯಲ್ಲಿ ಯಾವ ಮಗುವಿಗೆ ಜಾಸ್ತಿ ಸಹಾಯ ಬೇಕು ಅಂತ ತಿಳಿಯಲಿಕ್ಕೆ. ಸಹಾಯ ಮಾಡಲಿಕ್ಕೆ ಮಾರಾಯ್ರೆ, ಮೀಸೆ ತಿರುವಲಿಕ್ಕೆ ಅಲ್ಲ! ಬುದ್ಧಿ ಒಂದು ನಂಬರಿನಲ್ಲಿ ಮುಗಿಯುವ ವಸ್ತು ಅಂತ ಬಿನೆ ಸ್ವತಃ ನಂಬಿರಲಿಲ್ಲ. ಆ ಪರೀಕ್ಷೆ ಅಮೆರಿಕಕ್ಕೆ ಹೋಯಿತು, 1916ರಲ್ಲಿ ಟರ್ಮನ್ ಅನ್ನುವವರು ಹೊಸ ರೂಪ ಕೊಟ್ಟರು, ಆಮೇಲೆ ಐಕ್ಯೂ ಅನ್ನುವುದು ಜಾತಕದ ಹಾಗೆ ಆಯಿತು. ಈ ಟರ್ಮನ್ 1921ರಲ್ಲಿ ಭಾರೀ ಬುದ್ಧಿವಂತ ಮಕ್ಕಳನ್ನು ಆರಿಸಿ ಅವರ ಜೀವನವಿಡೀ ಗಮನಿಸುವ ಅಧ್ಯಯನ ಶುರು ಮಾಡಿದರು. ಆ ಆಯ್ಕೆಯಲ್ಲಿ ನಂಬರು ಸಾಲದೆ ಹೊರಗೆ ಉಳಿದ ಇಬ್ಬರು ಹುಡುಗರು ಶಾಕ್ಲಿ ಮತ್ತು ಅಲ್ವಾರೆಜ್. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು, ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ. ಹಾಗಾದರೆ ಈ ಅಳತೆಗೋಲಿಗೆ ಬುದ್ಧಿಯೇ ಪೂರ್ತಿ ಸಿಗಲಿಲ್ಲ. ಇನ್ನು ವಿವೇಕ ಎಲ್ಲಿಂದ ಸಿಗಬೇಕು?

"ಬುದ್ಧಿ ಇದ್ದರೆ ಉಳಿದದ್ದು ಹಿಂದೆಯೇ ಬರುತ್ತದೆ." ಬರುತ್ತದಾ? 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಇಬ್ಬರಿಗೆ ಬಂತು, ರಾಬರ್ಟ್ ಮರ್ಟನ್ ಮತ್ತು ಮೈರನ್ ಶೋಲ್ಸ್. ಇಬ್ಬರೂ ಒಂದು ಹೂಡಿಕೆ ಕಂಪನಿಯಲ್ಲಿ ಪಾಲುದಾರರು. ಗಣಿತ ಅಂದರೆ ಅಂಥ ಗಣಿತ. ಮರುವರ್ಷವೇ, 1998ರಲ್ಲಿ, ರಷ್ಯಾ ಸಾಲ ಕಟ್ಟಲಿಕ್ಕೆ ಆಗುವುದಿಲ್ಲ ಅಂತ ಕೈಯೆತ್ತಿತು, ಮಾರುಕಟ್ಟೆ ಹೊಯ್ದಾಡಿತು, ಇವರ ಕಂಪನಿ ಮುಳುಗಿತು. ತಮ್ಮ ದುಡ್ಡಿನ ಎಷ್ಟೋ ಪಟ್ಟು ಸಾಲ ಎತ್ತಿ ಆಡಿದ್ದರು. ಕೊನೆಗೆ 14 ದೊಡ್ಡ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಸುರಿಯಬೇಕಾಯಿತು. ಲೆಕ್ಕ ತಪ್ಪಿದರೆ ಖರ್ಚು ಯಾರ ತಲೆಗೆ ಅನ್ನುವ ಪ್ರಶ್ನೆಗೆ ಸೂತ್ರದಲ್ಲಿ ಜಾಗ ಇರಲಿಲ್ಲ. ನೊಬೆಲ್ ತಲೆ ಎರಡು ಇದ್ದವಲ್ಲ? ವಿವೇಕ ಹಿಂದೆಯೇ ಬರುತ್ತಿತ್ತೋ, ದಾರಿಯಲ್ಲಿ ಬಸ್ ತಪ್ಪಿತೋ!

ಅಮೆರಿಕದ ಕಥೆ ಬಿಡಿ, ಅವರ ಹತ್ತಿರ ದುಡ್ಡಿತ್ತು. ನಮ್ಮದೇ ಊರಿಗೆ ಬನ್ನಿ.

ಗೇರು ಮರಕ್ಕೆ ಟೀ ಸೊಳ್ಳೆ ಅಂತ ಒಂದು ಕೀಟ ಬರುತ್ತದೆ. ಹೆಸರು ಸೊಳ್ಳೆ, ನಿಜಕ್ಕೂ ಅದೊಂದು ತಿಗಣೆ ಜಾತಿ. ಚಿಗುರು, ಹೂವು, ಎಳೆಕಾಯಿ ಎಲ್ಲದರ ರಸ ಹೀರುತ್ತದೆ, ಫಸಲು ಹಾಳು. ಇದು ಪ್ರಶ್ನೆ. ಉತ್ತರ ಬುದ್ಧಿವಂತರೇ ಕೊಟ್ಟರು: ಎಂಡೋಸಲ್ಫಾನ್ ಅನ್ನುವ ಕೀಟನಾಶಕ. ಗುಡ್ಡದ ಮೇಲೆ ಸಾವಿರಾರು ಎಕರೆ ತೋಟ, ಕೂಲಿಯವರು ಹೊತ್ತುಕೊಂಡು ಹೊಡೆದರೆ ಎಷ್ಟು ದಿನ ಬೇಕು? ಅದಕ್ಕೂ ಉತ್ತರ ಇತ್ತು. ಹೆಲಿಕಾಪ್ಟರ್! ಬೇಗ ಮುಗಿಯುತ್ತದೆ, ಆಳು ಬೇಡ, ಒಂದೇ ಸಮ ಬೀಳುತ್ತದೆ. ಕಾಗದದ ಮೇಲೆ ನೂರಕ್ಕೆ ನೂರು ಮಾರ್ಕು. ಪರೀಕ್ಷೆಯಲ್ಲಿ ಯಾರೂ ಫೇಲಾಗಿಲ್ಲ ತಮ್ಮಾ, ಗಮನಿಸು.

1970ರ ದಶಕದ ಕೊನೆಯಿಂದ 2000ದ ತನಕ ಸರಕಾರಿ ನಿಗಮದ ಗೇರು ತೋಟಗಳಿಗೆ ಆಕಾಶದಿಂದ ಅದನ್ನು ಸುರಿದರು. ಎಣ್ಮಕಜೆ, ಪಡ್ರೆ, ಸ್ವರ್ಗ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು. ಹೌದು, ಸ್ವರ್ಗ ಅನ್ನುವುದು ಊರಿನ ಹೆಸರು, ಏನು ಮಾಡುವುದು. ಸಿಂಪಡಿಸುವ ಮೊದಲು ಜನರಿಗೆ ಸೂಚನೆ: ಬಾವಿ ಮುಚ್ಚಿಡಿ. ಬಾವಿ ಮುಚ್ಚಬಹುದಪ್ಪ. ತೋಡನ್ನು, ಅಂದರೆ ಹರಿಯುವ ಹಳ್ಳವನ್ನು, ಯಾವುದರಿಂದ ಮುಚ್ಚುವುದು? ನಮ್ಮದು ಗುಡ್ಡ ಕೊರೆದು ನೀರು ತರುವ ಸುರಂಗಗಳ ಊರು. ಗುಡ್ಡದ ನೆತ್ತಿಯ ಮೇಲೆ ಬಿದ್ದದ್ದು ಇಳಿದು ಎಲ್ಲಿಗೆ ಬರುತ್ತದೆ? ಸುರಂಗದ ಬಾಯಿಗೆ, ಅಲ್ಲಿಂದ ಕೊಡಪಾನಕ್ಕೆ. ಇದು ಗೊತ್ತಾಗಲಿಕ್ಕೆ ಪಿಎಚ್‌ಡಿ ಬೇಕಾ? ಇಲ್ಲಿನ ಯಾವ ಅಜ್ಜಿಯೂ ಹೇಳುತ್ತಿದ್ದಳು. ಕೇಳಲಿಲ್ಲ ಅಷ್ಟೇ.

ಮೊದಲು ಜೇನುನೊಣ ಸತ್ತದ್ದು ಜನರಿಗೆ ಕಂಡಿತು. ಆಮೇಲೆ ಕರು ವಿಕಾರವಾಗಿ ಹುಟ್ಟಿತು. ಆಮೇಲೆ ಮಕ್ಕಳು. ಪತ್ರಕರ್ತ ಶ್ರೀಪಡ್ರೆಯವರು ಬರೆದರು, ಹಳ್ಳಿಯ ವೈದ್ಯರು ಕೇಳಿದರು, ಜನ ಬೀದಿಗೆ ಬಂದರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹಾಕುವಾಗ 2011 ಆಗಿತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ, ಮೂರು ತಿಂಗಳಲ್ಲಿ ಕೊಡಿ ಅಂತ ಅದೇ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರಲ್ಲಿ ಮತ್ತೆ ಬೈದು ಹೇಳಬೇಕಾಯಿತು, ಯಾಕೆಂದರೆ ಹೆಚ್ಚಿನವರ ಕೈಗೆ ದುಡ್ಡೇ ಬಂದಿರಲಿಲ್ಲ. ಗೇರುಬೀಜದ ಲಾಭ ಒಂದು ಕಡೆಗೆ, ಖರ್ಚು ಎಣ್ಮಕಜೆಯ ಒಬ್ಬಳು ತಾಯಿಯ ತಲೆಗೆ. ಅವಳು ಆ ಪ್ರಶ್ನೆ ಕೇಳಿಯೂ ಇರಲಿಲ್ಲ, ಗೇರು ತೋಟವೂ ಅವಳದ್ದಲ್ಲ.

ಈಗ ಕಮೆಂಟಿನಲ್ಲಿ ಬರುತ್ತಾರೆ, ನನಗೆ ಗೊತ್ತು. "ಅಣ್ಣಾ, ಈ ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಇಲ್ಲ ಅಂತ ಸಮಿತಿ ಹೇಳಿದೆ." ಹೌದು, ಒಂದು ಸಮಿತಿ ಇಲ್ಲ ಅಂದಿತು, ಇನ್ನೊಂದು ಇದೆ ಅಂದಿತು. ಸಮಿತಿಯವರೂ ಬುದ್ಧಿವಂತರೇ, ಸಂಜೆ ಕಾರು ಹತ್ತಿ ಹೋದರು. ಆ ನೀರು ಕುಡಿದುಕೊಂಡು ಯಾರೂ ಇಲ್ಲಿ ಕೂರಲಿಲ್ಲ. "ಹಾಗಾದರೆ ವಿಜ್ಞಾನವೇ ಬೇಡವಾ, ಲಸಿಕೆಯೂ ಬೇಡವಾ?" ಅಯ್ಯೋ, ಯಾರಪ್ಪ ಹೇಳಿದ್ದು ಬೇಡ ಅಂತ? ನಾನು ಎರಡು ಡೋಸು ಹಾಕಿಸಿಕೊಂಡು ಕೂತಿದ್ದೇನೆ. ಉತ್ತರ ಬೇಕು. ಉತ್ತರದ ಜೊತೆ ಖರ್ಚಿನ ಚೀಟಿಯೂ ಬೇಕು. ಚೀಟಿ ಇಲ್ಲದ ಉತ್ತರ ಕೊಡುವವನನ್ನು ಬುದ್ಧಿವಂತ ಅನ್ನಿ, ನನ್ನ ಅಡ್ಡಿ ಇಲ್ಲ. ಮನೆಗೆ ಕರೆಯಬೇಡಿ.

ಒಂದು ನಿಮಿಷ, ಖರ್ಚು ಅಂದಾಗ ನೆನಪಾಯಿತು. ಈ ಚಾನೆಲ್ಲಿಗೂ ಖರ್ಚು ಉಂಟು. ನಮ್ಮ ಚಿಕ್ಕಮ್ಮ ಮಾಡಿದ ಹಲಸಿನಕಾಯಿ ಹಪ್ಪಳ ಇದೆ, ಬಿಸಿಲಿನಲ್ಲೇ ಒಣಗಿಸಿದ್ದು. ಬೇಕಾದವರು ಕೆಳಗಿರುವ ವಾಟ್ಸಾಪಿಗೆ ಮೆಸೇಜು ಹಾಕಿ. ಖಾರದ್ದು, ಖಾರ ಇಲ್ಲದ್ದು ಎರಡೂ ಇದೆ. ಬೆಂಗಳೂರಿನವರು ಕೊರಿಯರ್ ಚಾರ್ಜು ಕೇಳಿ ಗಲಾಟೆ ಮಾಡಬೇಡಿ, ರಾಜ್ಯ ದಾಟಿ ಬರಬೇಕು.

ಸರಿ. ತಾಳಮದ್ದಳೆಗೆ ಬರುವ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಇದು ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವ ಕಲಾವಿದ, ಶೇಣಿ ಗೋಪಾಲಕೃಷ್ಣ ಭಟ್ಟರ ಊರು, ಮಾತು ಅಂದರೆ ಏನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ವಾಲಿಮೋಕ್ಷದ ಕೂಟ ಕೇಳಿದ್ದೀರಲ್ಲ? ವಾಲಿ ಎದೆಗೆ ಬಾಣ ಬಿದ್ದು ಮಲಗಿದ್ದಾನೆ, ಮಲಗಿಯೇ ರಾಮನಿಗೆ ಸವಾಲು ಹಾಕುತ್ತಾನೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನಗೂ ನನಗೂ ಏನು ದ್ವೇಷ? ಒಳ್ಳೆಯ ಅರ್ಥಧಾರಿ ಕೂತರೆ ರಾಮನಿಗೆ ಬೆವರು ಬರುತ್ತದೆ, ಸಭೆ ಪೂರ್ತಿ ವಾಲಿಯ ಪರ. ರಾತ್ರಿ ಹನ್ನೆರಡಕ್ಕೆ ಶುರುವಾದ ವಾದ ಕೋಳಿ ಕೂಗಿದರೂ ಮುಗಿಯುವುದಿಲ್ಲ. ವಾಲಿಯ ಬುದ್ಧಿಗೆ ಕೊರತೆ ಇತ್ತು ಅಂತ ಯಾರಾದರೂ ಹೇಳಲಿ ನೋಡುವ.

ಆದರೆ ಅದಕ್ಕಿಂತ ಮೊದಲು ಒಬ್ಬಳು ಮಾತಾಡಿದ್ದಳು. ತಾರೆ. ಅವಳು ಹೇಳಿದ್ದು ತೀರಾ ಸಣ್ಣ ಮಾತು. ಸುಗ್ರೀವ ಈಗಷ್ಟೇ ಪೆಟ್ಟು ತಿಂದು ಓಡಿದವನು, ಇಷ್ಟು ಬೇಗ ತಿರುಗಿ ಬಂದು ಕೂಗುತ್ತಾನೆ ಅಂದರೆ ಹಿಂದೆ ಯಾರೋ ಇದ್ದಾರೆ, ಹೋಗಬೇಡ. ವಾಲಿ ಕೇಳಲಿಲ್ಲ. ಅವನಿಗೆ ಉತ್ತರ ಗೊತ್ತಿತ್ತಲ್ಲ, ಸುಗ್ರೀವನಿಗಿಂತ ತಾನು ಬಲಶಾಲಿ ಅಂತ. ಉತ್ತರ ಸರಿಯೂ ಹೌದು! ಖರ್ಚು? ತಾರೆ ವಿಧವೆಯಾದಳು, ಅಂಗದ ಅಪ್ಪನಿಲ್ಲದವನಾದ. ಪ್ರಾಣ ಹೋಗುವಾಗ ವಾಲಿ ಅಂಗದನನ್ನು ನೋಡಿಕೊಳ್ಳಿ ಅನ್ನುತ್ತಾನೆ. ಈ ಪ್ರಶ್ನೆಯನ್ನು ಬಾಗಿಲು ದಾಟುವ ಮೊದಲು ಕೇಳಿಕೊಳ್ಳಬೇಕಿತ್ತು ಮಹಾರಾಯ. ನಮ್ಮ ಕೂಟಗಳಲ್ಲಿ ಚಪ್ಪಾಳೆ ಮಾತ್ರ ವಾಲಿಗೆ. ತಾರೆಯ ಪದ ಬಂದಾಗ ಸಭಿಕರು ಚಹಾ ಕುಡಿಯಲಿಕ್ಕೆ ಎದ್ದು ಹೋಗುತ್ತಾರೆ, ನಾನೇ ನೋಡಿದ್ದೇನೆ. ನಾವು ಬುದ್ಧಿವಂತಿಕೆಗೆ ಟಿಕೇಟು ಕೊಟ್ಟು ಬರುವ ಜನ, ವಿವೇಕ ಮಾತಾಡಿದರೆ ಬೋಂಡಾ ತಿನ್ನುವ ಜನ.

ಈ ವಿವೇಕವನ್ನು ಅಳೆದು ನೋಡಿದವರೂ ಇದ್ದಾರೆ. ಬರ್ಲಿನ್‌ನಲ್ಲಿ ಪಾಲ್ ಬಾಲ್ಟೆಸ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಜನರ ಮುಂದೆ ಒಂದು ಪ್ರಶ್ನೆ ಇಟ್ಟರು: 15 ವರ್ಷದ ಹುಡುಗಿ ಈಗಲೇ ಮದುವೆ ಆಗಬೇಕು ಅನ್ನುತ್ತಾಳೆ, ಏನು ಮಾಡಬೇಕು? ಫಟ್ಟಂತ "ಆಗುವುದಿಲ್ಲ" ಅಂದವರಿಗೆ ಕಮ್ಮಿ ಅಂಕ. ಹುಡುಗಿ ಯಾರು, ಎಲ್ಲಿಯವಳು, ಅವಳಿಗೆ ಏನಾದರೂ ಕಾಯಿಲೆಯಾ, ಮನೆಯಲ್ಲಿ ಯಾರಿದ್ದಾರೆ ಅಂತ ಯೋಚಿಸಿದವರಿಗೆ ಜಾಸ್ತಿ. ಕಾನೂನು ಗೊತ್ತುಂಟು, ಬಾಲ್ಯವಿವಾಹ ಮಾಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಆ ಗಲಾಟೆ ಬೇಡ. ಕೇಳಿ ತಿಳಿದುಕೊಂಡು ಮಾತಾಡಿದರಾ ಇಲ್ಲವಾ ಅನ್ನುವುದೇ ಅಲ್ಲಿ ಲೆಕ್ಕ.

ಮತ್ತೆ ಹಿರಿಯರು ಖುಷಿಪಡುವುದು ಬೇಡ. ತಲೆ ಹಣ್ಣಾದ ಮಾತ್ರಕ್ಕೆ ವಿವೇಕ ಬರುವುದಿಲ್ಲ ಅಂತಲೂ ಅವರ ಅಧ್ಯಯನದಲ್ಲೇ ಕಂಡಿತು. ನಮ್ಮ ಕಡೆ ಮದುವೆ ಊಟದಲ್ಲಿ ನನ್ನ ಪಕ್ಕ ಕೂತು ಬೋರ್‌ವೆಲ್ ಕೊರೆಸಿದ ಕಥೆ ಹೇಳುವ ಮಾವಂದಿರು ಇದ್ದಾರೆ. 12 ಹೊಳೆ ಹರಿಯುವ ಜಿಲ್ಲೆಯಲ್ಲಿ ಏಪ್ರಿಲ್ ಬಂದರೆ ನೀರಿಲ್ಲ, ಅದಕ್ಕೆ ಇವರ ಉತ್ತರ ಇನ್ನೂ ನೂರು ಅಡಿ ಕೆಳಗೆ. ಪಕ್ಕದ ಮನೆಯ ಸುರಂಗದ ನೀರು ನಿಂತಿತು ಅಂದರೆ, "ಅವರೂ ಕೊರೆಸಲಿ" ಅನ್ನುತ್ತಾರೆ. ಎಪ್ಪತ್ತು ವರ್ಷ ವಯಸ್ಸು, ಖರ್ಚಿನ ಪ್ರಶ್ನೆ ಇನ್ನೂ ಬಾಯಿಗೆ ಬಂದಿಲ್ಲ.

ಗಡಿಯ ವಿಷಯ ಹೇಳಲೇ? ಹೇಳುತ್ತೇನೆ, ಬೇಡ ಅಂದರೂ. 1956ರಲ್ಲಿ ಭೂಪಟದ ಮೇಲೆ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದವರೂ ದಡ್ಡರಲ್ಲ. ಹತ್ತು ವರ್ಷದ ಮೇಲೆ ಗಡಿ ಜಗಳ ಬಗೆಹರಿಸಲಿಕ್ಕೆ ಮಹಾಜನ ಆಯೋಗ ಬಂತು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂದಿತು, ಕಡತ ಮಲಗಿತು. ಗೆರೆಯ ಖರ್ಚು ಯಾರ ತಲೆಗೆ? ಕನ್ನಡ ಮಾಧ್ಯಮದಲ್ಲಿ ಓದಿ ಮಲಯಾಳದ ಅರ್ಜಿ ಹಿಡಿದು ನಿಲ್ಲುವ ಹುಡುಗನ ತಲೆಗೆ! ಇದಕ್ಕೂ ಅದಕ್ಕೂ ಏನು ಸಂಬಂಧ ಅನ್ನಬೇಡಿ. ಸಂಬಂಧ ಉಂಟು. ಎಲ್ಲದಕ್ಕೂ ಉಂಟು.

ಈಗ ಎಐ ಬಂದಿದೆಯಂತೆ, ಹತ್ತು ಸೆಕೆಂಡಿನಲ್ಲಿ ಉತ್ತರ ಕೊಡುತ್ತದಂತೆ. ಕೊಡಲಿ. ಹೆಲಿಕಾಪ್ಟರ್ ಕೂಡ ಬೇಗ ಮುಗಿಸುತ್ತಿತ್ತು! ಬೇಗ ಬೇಗ ಬೇಗ. ಎಲ್ಲರಿಗೂ ಬೇಗ. ಖರ್ಚು ಯಾರ ತಲೆಗೆ ಅಂದರೆ ಯಾರೂ ಮಾತಾಡುವುದಿಲ್ಲ. ಖರ್ಚು ಯಾರ ತಲೆಗೆ ಮಾರಾಯ್ರೆ? ಎಷ್ಟು ಸಲ ಕೇಳುವುದು? ಇನ್ನು ನನ್ನ ಹತ್ತಿರ ಬರೆದಿಟ್ಟದ್ದು ಏನೂ ಇಲ್ಲ, ಕಾಗದ ಮುಗಿಯಿತು, ಆದರೂ ನಾನು ಹೇಳುವುದೇ ಸರಿ.

ಒಪ್ಪದವರು ಬೈಯಿರಿ, ಆದರೆ ಬೈಯುವ ಮೊದಲು ಸಬ್‌ಸ್ಕ್ರೈಬ್ ಮಾಡಿ. ಒಪ್ಪುವವರು ಮನೆಯ ಗ್ರೂಪಿಗೆ ಕಳಿಸಿ, ಆ ಬೋರ್‌ವೆಲ್ ಮಾವನ ನಂಬರು ಇದ್ದರೆ ಅವರಿಗೂ. ಹಪ್ಪಳದ ಆರ್ಡರು ಬೇಗ ಹಾಕಿ, ಇದ್ದದ್ದು ಮುಗಿದರೆ ಇನ್ನು ಹಲಸು ಬಿಡುವ ಕಾಲಕ್ಕೇ.