ಬಾಗಿಲು ತಟ್ಟುವ ಶಿಕ್ಷೆ

ಕೇಳುಗರಿಗೆ ನಮಸ್ಕಾರ.

1974ರ ಮೇ ತಿಂಗಳ ಒಂದು ರಾತ್ರಿ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಎಂಬ ಸಣ್ಣ ಊರು. ಇಬ್ಬರು ಹುಡುಗರು ಕಂಠಪೂರ್ತಿ ಕುಡಿದು, ಕಂಡವರ ಕಾರಿನ ಟೈರು ಕೊಯ್ದು, ಕಿಟಕಿ ಗಾಜು ಒಡೆದು, ಬೆಳಗಾಗುವಷ್ಟರಲ್ಲಿ 22 ಕಡೆ ನಷ್ಟ ಮಾಡಿದ್ದರು. ಸಿಕ್ಕಿಬಿದ್ದರು, ತಪ್ಪೊಪ್ಪಿಕೊಂಡರು. ಆಗ ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿ ಜಡ್ಜ್ ಮುಂದೆ ಬೇರೆಯದೇ ಮಾತಿಟ್ಟರು: ಇವರು ನಷ್ಟವಾದವರನ್ನೇ ಹೋಗಿ ಕಂಡರೆ ಹೇಗೆ? ಜಡ್ಜ್ ಮೊದಲು ಹಿಂಜರಿದು, ಆಮೇಲೆ ಒಪ್ಪಿದರು.

ಆ ಹುಡುಗರ ಪಾಡು ಊಹಿಸಿ. ಬಾಗಿಲು ತಟ್ಟಬೇಕು, ತೆರೆದವರ ಮುಖ ನೋಡಿ ‘ನಿಮ್ಮ ಕಿಟಕಿ ಒಡೆದವನು ನಾನೇ’ ಅನ್ನಬೇಕು. ಕಟಕಟೆಯಲ್ಲಾದರೆ ವಕೀಲರು ಮಾತಾಡುತ್ತಾರೆ. ಹೊಸ್ತಿಲ ಮೇಲೆ ವಕೀಲರಿಲ್ಲ. ಕೆಲವು ತಿಂಗಳ ನಂತರ ನಷ್ಟದ ಹಣ ಹಿಡಿದು ಅದೇ ಬಾಗಿಲುಗಳಿಗೆ ಮತ್ತೆ ಹೋದರು.

ತಪ್ಪು ಮಾಡಿದವರು ನಷ್ಟವಾದವರನ್ನೇ ಎದುರಿಸಿ, ಆದ ಹಾನಿಯನ್ನು ಸರಿಪಡಿಸುವ ದಾರಿಗೆ ಇಂದು ರೆಸ್ಟೋರೇಟಿವ್ ಜಸ್ಟಿಸ್ ಅನ್ನುತ್ತಾರೆ. ಅದರ ಒಂದು ಬೇರು ಇಲ್ಲಿದೆ. ಪೆಟ್ಟು ತಿಂದವರು ಕೋರ್ಟಿನಲ್ಲಿ ಬರೀ ಸಾಕ್ಷಿ. ನನ್ನ ಮನೆಯೇ ಯಾಕೆ, ಮತ್ತೆ ಬರುತ್ತೀಯಾ ಎಂದು ಅವರು ಅಲ್ಲಿ ಕೇಳುವಂತಿಲ್ಲ. ಹಾಗೆಂದು ಯಾರನ್ನೂ ಎಳೆದು ತಂದು ಎದುರು ಕೂರಿಸಬಾರದು. ಎರಡೂ ಕಡೆಯವರ ಒಪ್ಪಿಗೆ ಬೇಕೆಂದು 2002ರ ವಿಶ್ವಸಂಸ್ಥೆಯ ಸೂತ್ರಗಳೇ ಹೇಳುತ್ತವೆ.

ಗಾಜು ಒಡೆದವರ ಮಾತಾಯಿತು. ಹೆಸರು ಕೇಳಿದರೇ ಊರು ಬೆಚ್ಚುವಂಥವನು ಬಿಡುಗಡೆಯಾದರೆ? ಅದೇ ಪ್ರಾಂತ್ಯದ ಹ್ಯಾಮಿಲ್ಟನ್‌ನಲ್ಲಿ 1994ರಲ್ಲಿ ಹಾಗೇ ಆಯಿತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದವನು ಪೂರ್ತಿ ಶಿಕ್ಷೆ ಮುಗಿಸಿ ಹೊರಬಂದ. ಪೂರ್ತಿ ಮುಗಿಸಿದ್ದರಿಂದ ಪೆರೋಲ್ ನಿಗಾ ಕೂಡ ಇಲ್ಲ. ಓಡಿಸಬಹುದಿತ್ತು, ಆದರೆ ಓಡಿಸಿದವನು ಇನ್ನೊಂದು ಊರಿನಲ್ಲಿ, ಯಾರ ಕಣ್ಣಿಗೂ ಬೀಳದೆ ಇರುತ್ತಾನೆ. ನನಗೆ ಅದೇ ಹೆಚ್ಚು ಭಯದ ಸಂಗತಿ. ಅಲ್ಲಿನ ಪಾದ್ರಿಯೊಬ್ಬರು ಚರ್ಚಿನ ಕೆಲವರನ್ನು ಸೇರಿಸಿ ಅವನ ಸುತ್ತ ಒಂದು ಬಳಗ ಕಟ್ಟಿದರು. ಇಂಥ ಬಳಗಗಳು ಆಮೇಲೆ ಬೇರೆ ದೇಶಗಳಿಗೂ ಹಬ್ಬಿದವು. ನಾಲ್ಕೈದು ಸ್ವಯಂಸೇವಕರು, ನಡುವೆ ಒಬ್ಬ ಮಾಜಿ ಕೈದಿ.

ವರ್ಷಗಟ್ಟಲೆ ಒಳಗಿದ್ದವರು ಹೊರಬಂದ ಮೇಲೂ ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತುಬಿಡುವುದುಂಟು, ಯಾರೋ ತೆರೆಯಲಿ ಎಂದು. ಅಂಥವನಿಗೆ ಬಳಗದ ಒಬ್ಬರು ಬ್ಯಾಂಕ್ ಖಾತೆ ತೆರೆಸಿಕೊಡುತ್ತಾರೆ. ಇನ್ನೊಬ್ಬರು ಬಾಡಿಗೆ ಕೋಣೆ ಹುಡುಕಲು ಜೊತೆಗೆ ಹೋಗುತ್ತಾರೆ. ಸಂಜೆ ಎಲ್ಲರೂ ಸೇರಿ ಕೂತಾಗ ಅವರಲ್ಲೇ ಒಬ್ಬರು, ದನಿ ಎತ್ತರಿಸದೆ ಕೇಳುತ್ತಾರೆ: ‘ನಿನ್ನೆ ಫೋನ್ ಎತ್ತಲಿಲ್ಲವಲ್ಲ, ಎಲ್ಲಿದ್ದೆ?’

ನಮಸ್ಕಾರ.